ಎರವಲು ಎದೆಬಡಿತ

ಹೆದರಬಾರದು ಎಂದು ಡಾಕ್ಟರು ಹೇಳಿದ ದಿನದಿಂದ ಕಲಾವತಿಗೆ ಹೆದರಿಕೆ ಬಿಟ್ಟು ಬೇರೇನೂ ಆಗಲಿಲ್ಲ. ಅದಕ್ಕೂ ಮೊದಲು ಆಕೆ ಹೆದರುವ ಹೆಣ್ಣೇ ಅಲ್ಲ. ಹಿತ್ತಲಿಗೆ ಹಾವು ಬಂತೆಂದು ಓಣಿಯವರೆಲ್ಲ ಕಿರುಚುವಾಗ ಈಕೆ ಕೋಲು ಹುಡುಕುವವಳು. ನಳದ ಮುಂದೆ ಜಗಳ ಬಿದ್ದರೆ ಸೆರಗು ಸಿಕ್ಕಿಸಿ ಮುಂದೆ ನಿಲ್ಲುವವಳು. ಇಪ್ಪತ್ತು ವರ್ಷ ನೀಲವ್ವನಂಥ ಅತ್ತೆಯ ಜೊತೆ ಒಂದೇ ಅಡುಗೆಮನೆಯಲ್ಲಿ ಬಾಳಿದವಳಿಗೆ ಲೋಕದಲ್ಲಿ ಇನ್ನು ಯಾತರ ಹೆದರಿಕೆ? ಆದರೆ ಈಗ ಬಾಗಿಲು ದಡ್ ಎಂದರೆ ಸಾಕು, ಕೈ ಎದೆಗೆ ಹೋಗುತ್ತಿತ್ತು. ಆ ಎದೆ ಈಗ ಅವಳೊಬ್ಬಳದಾಗಿ ಉಳಿದಿರಲಿಲ್ಲ.

ಎಲ್ಲ ಶುರುವಾದದ್ದು ನೀಲವ್ವನಿಗೆ ಬಂದ ಒಂದು ಜ್ವರದಿಂದ. ಜ್ವರವೇನೋ ವಾರದಲ್ಲಿ ಬಿಟ್ಟಿತು, ಹೋಗುವಾಗ ಮುದುಕಿಯ ಎದೆ ಕೆಡಿಸಿ ಹೋಯಿತು. ಹುಬ್ಬಳ್ಳಿಯ ಹೊರಗೆ, ಬೈಪಾಸ್ ರಸ್ತೆಯ ಮಗ್ಗುಲಿಗಿದ್ದ ಹೃದಯದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಡಾಕ್ಟರ್ ಫರ್ಜಾನಾ ಎಂಬ ಹೆಣ್ಣುಮಗಳು ಹೊಸ ಬಗೆಯ ಚಿಕಿತ್ಸೆಯ ವಿಭಾಗವೊಂದನ್ನು ನಡೆಸುತ್ತಿದ್ದರು. ನೀಲವ್ವನ ಮಗ ಗದಿಗೆಪ್ಪ, ಮಗಳು ಮಹಾದೇವಿ, ಸೊಸೆ ಕಲಾವತಿ, ಮೂವರನ್ನೂ ಕೂಡಿಸಿಕೊಂಡು ಆಕೆ ಹೇಳಿದರು:

"ಎದಿ ಬಡೀಬೇಕಂದ್ರ ಒಳಗ ಒಂದು ಸಣ್ಣ ಕಿಡಿ ಹುಟ್ಟಬೇಕ್ರಿ, ಗಾಡಿಗೆ ಪ್ಲಗ್ ಇದ್ದಂಗ. ನಿಮ್ಮ ತಾಯಿಗೆ ಆ ಕಿಡಿ ಆರಿ ಹೋಗೇತಿ."

"ನಮ್ಮದು ಡೀಸೆಲ್ ಗಾಡಿ, ಪ್ಲಗ್ ಇರೂದಿಲ್ರಿ," ಎಂದ ಗದಿಗೆಪ್ಪ. ಆತ ಲಾರಿ ಡ್ರೈವರ್. ತಾಯಿ ಸಾಯಲು ಬಿದ್ದಾಗಲೂ ಗಾಡಿಯ ವಿಷಯದಲ್ಲಿ ತಪ್ಪು ಮಾತು ಕೇಳಿ ಸುಮ್ಮನಿರುವ ಜಾಯಮಾನ ಅವನದಲ್ಲ.

"ಬೈಕಿಗೆ ಇರತೇತಲ್ಲ, ಅದನ್ನ ತಿಳಕೋರಿ," ಎಂದು ಫರ್ಜಾನಾ ಮುಂದುವರಿಸಿದರು. ಕಿಡಿ ಆರಿದವರಿಗೆ ಪೇಸ್‌ಮೇಕರ್ ಹಾಕುತ್ತಾರೆ, ನೀಲವ್ವನಿಗೂ ಹಾಕಿದ್ದರು. ಆದರೆ ಯಂತ್ರದ ಬಡಿತ ಒಂದೇ ಸಮ. ಜ್ವರದಿಂದ ಸೋತ ಸ್ನಾಯು ಅದನ್ನು ತಾಳದೆ ಬಾತುಕೊಳ್ಳತೊಡಗಿತ್ತು. ಜೀವಂತ ಎದೆ ಹಾಗೆ ಬಡಿಯುವುದಿಲ್ಲ. ಒಂದು ಬಡಿತ ತುಸು ಬೇಗ, ಮತ್ತೊಂದು ತುಸು ತಡ. ಆ ಹೆಚ್ಚುಕಡಿಮೆಯಲ್ಲಿಯೇ ಸ್ನಾಯುವಿಗೆ ವಿಶ್ರಾಂತಿ ಸಿಗುತ್ತದೆ. ಅದಕ್ಕೇ ಬದುಕಿರುವ ಇನ್ನೊಬ್ಬರ ಬಡಿತವನ್ನು ಎರವಲು ತರುವುದು. ಬಡಿತ ಕೊಡುವವರ ಎದೆಗೊಂದು ತೆಳುವಾದ ಪಟ್ಟಿ ಅಂಟಿಸಿದರೆ, ಅವರ ಒಂದೊಂದು ಮಿಡಿತವೂ ಆಸ್ಪತ್ರೆಯ ನಿಗಾ ಕೋಣೆಗೆ ಹೋಗಿ, ಅಲ್ಲಿಂದ ರೋಗಿಯ ಎದೆಯೊಳಗಿನ ಯಂತ್ರಕ್ಕೆ ಸೇರುತ್ತದೆ. ಸ್ನಾಯು ಚೇತರಿಸಿಕೊಳ್ಳುವ ತನಕ, ಮೂರು ತಿಂಗಳ ಮಾತು.

"ಹಾಡು ತುಂಬಿಟ್ಟಂಗ ಒಮ್ಮೆ ರೆಕಾರ್ಡ್ ಮಾಡಿ ಹಾಕಿಬಿಡ್ರೆಲಾ," ಎಂದಳು ಕಲಾವತಿ.

"ಅದು ಒಂದು ದಿನ ನಡೀತೇತ್ರಿ. ಆಮ್ಯಾಲೆ ಸ್ನಾಯು ಅದನ್ನ ಗುರ್ತು ಹಿಡದು ಜಡ್ಡುಗಟ್ಟತೇತಿ. ಯಾಕ ಅಂತ ನಮಗೂ ಪೂರಾ ಗೊತ್ತಾಗಿಲ್ಲ."

ಯಾರ ಬಡಿತ ಹೊಂದುತ್ತದೆಂದು ನೋಡಲು ಮೂವರಿಗೂ ಪಟ್ಟಿ ಹಚ್ಚಿದರು. ರಾತ್ರಿ ಹಗಲೆನ್ನದೆ ಲಾರಿ ಹೊಡೆಯುವ ಮಗನ ಲಯ ಹೊಂದಲಿಲ್ಲ. ಗದಗಿಗೆ ಕೊಟ್ಟ ಮಗಳದೂ ಹೊಂದಲಿಲ್ಲ. ಕರುಳು ಹಂಚಿಕೊಂಡವರದು ಹೀಗಾದರೆ, ಅಳೆದಿಟ್ಟಂತೆ ಹೊಂದಿದ್ದು ಸೊಸೆಯದು! ಒಂದೇ ಹೊತ್ತಿಗೆ ಎದ್ದು, ಒಂದೇ ಹೊತ್ತಿಗೆ ಉಂಡು, ಒಂದೇ ಹೊತ್ತಿಗೆ ಸಿಟ್ಟಿಗೆದ್ದು ಇಪ್ಪತ್ತು ವರ್ಷ ಕಳೆದ ಇಬ್ಬರ ಎದೆಗಳು, ಇಬ್ಬರಿಗೂ ತಿಳಿಯದಂತೆ, ಒಂದೇ ನಡಿಗೆ ಕಲಿತಿದ್ದವು. ಸುದ್ದಿ ಕೇಳಿ ನೀಲವ್ವ ಮಾರಿ ಸಿಂಡರಿಸಿ, "ಹೋಗಿ ಹೋಗಿ ಈಕಿದಽ ಸಿಗಬೇಕಾ," ಎಂದಳು. ಕಲಾವತಿಗೂ ಖುಷಿಯೇನೂ ಆಗಲಿಲ್ಲ. ಆದರೂ ಪಟ್ಟಿ ಹಚ್ಚಿಸಿಕೊಂಡಳು. ಮುದುಕಿ ಸಾಯಲಿ ಎಂದು ಬಾಯಲ್ಲಿ ಎಷ್ಟೋ ಸಲ ಅಂದಿದ್ದಳು, ಮನಸ್ಸಿನಲ್ಲಿ ಒಮ್ಮೆಯೂ ಅಂದಿರಲಿಲ್ಲ.

ಪಟ್ಟಿ ಹಚ್ಚಿದ ದಿನ ಫರ್ಜಾನಾ ಆಕೆಯನ್ನು ನಿಗಾ ಕೋಣೆಗೆ ಕರೆದೊಯ್ದು ಪರದೆ ತೋರಿಸಿದರು. ಮೇಲೊಂದು ಹಸಿರು ಗೆರೆ, ಕೆಳಗೊಂದು ಹಸಿರು ಗೆರೆ. ಮೇಲಿನದು ಕಲಾವತಿಯದು, ಕೆಳಗಿನದು ನೀಲವ್ವನದು. ಕಲಾವತಿ ಕೆಮ್ಮಿದಳು. ಮೇಲಿನ ಗೆರೆ ಜಿಗಿಯಿತು, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಕೆಳಗಿನದೂ ಜಿಗಿಯಿತು. ಅದನ್ನು ನೋಡಿದ್ದೇ ಅವಳು ಎರಡನೆಯ ಕೆಮ್ಮನ್ನು ಬಾಯಲ್ಲೇ ಅದುಮಿಕೊಂಡಳು.

"ಮೆಟ್ಟಲಾ ಹತ್ತರಿ, ಕೆಲಸ ಮಾಡ್ರಿ, ಏನೂ ಅಡ್ಡಿ ಇಲ್ಲ," ಎಂದರು ಫರ್ಜಾನಾ. "ಭಾಳ ಏರಿದ್ರ ಯಂತ್ರ ತಡೀತೇತಿ. ಆದ್ರ ಆ ಎತ್ತರದಾಗ ಭಾಳ ಹೊತ್ತು ನಿಂತ್ರ ನಿಮ್ಮ ಅತ್ತಿಯ ಎದಿ ತಾಳೂದಿಲ್ಲ. ಹೆದರೂದೊಂದು ಬ್ಯಾಡ್ರಿ."

"ಹೆದರಿದೆ ಅಂದ್ರ? ಆವಾಗ ರೆಕಾರ್ಡಿಗೆ ಹಾಕೂದಲ್ರೀ?"

"ಓಡೂ ಗಾಡಿಗೆ ಒಮ್ಮೆಲೆ ಫಸ್ಟ್ ಗೇರ್ ಹಾಕಿದ್ರ ಏನಾಗತೇತಿ, ನಿಮ್ಮ ಯಜಮಾನರನ್ನ ಕೇಳ್ರಿ. ಮೊದಲ ನೀವು ಇಳೀಬೇಕು. ನೀವು ಇಳಿದ ಮ್ಯಾಲಽ ಬದಲಿ ಮಾಡಾಕ ಬರೂದು."

ಮನೆಗೆ ಬಂದ ಕಲಾವತಿ ಮೊದಲು ಮಾಡಿದ ಕೆಲಸವೆಂದರೆ ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದು. ಸೀಟಿ ಹೊಡೆದರೆ ಬೆಚ್ಚಿಬೀಳುತ್ತೇನಲ್ಲ! ಟಿವಿಯ ಧಾರಾವಾಹಿ ನಿಂತಿತು. ಗದಿಗೆಪ್ಪ ಬಾಗಿಲು ಬಡಿಯುವುದನ್ನು ಬಿಟ್ಟು, ಓಣಿಯ ತುದಿಯಿಂದಲೇ ಫೋನು ಮಾಡಿ "ಬರಾಕತ್ತೇನಿ" ಎಂದು ಹೇಳಿ ಒಳಗೆ ಬರತೊಡಗಿದ. ಓಣಿಯವರು ಮದುವೆಗೆ ಪಟಾಕಿ ತಂದು ಹಚ್ಚದೇ ಇಟ್ಟರು. ಯಾವ ಕೆಟ್ಟ ಸುದ್ದಿಯೂ ಅವಳ ಕಿವಿಗೆ ಬೀಳದಂತೆ ಎಲ್ಲರೂ ಕಟ್ಟುನಿಟ್ಟು ಮಾಡಿಕೊಂಡರು. ನಾಲ್ಕು ಜನ ಮಾತಾಡುವಲ್ಲಿಗೆ ಅವಳು ಹೋದರೆ ಮಾತು ನಿಂತುಬಿಡುತ್ತಿತ್ತು. ಪಾಪ, ಒಳ್ಳೆಯದಕ್ಕೇ ಮಾಡುತ್ತಿದ್ದರು. ಅವಳಿಗೆ ಮಾತ್ರ ತನ್ನ ಸುತ್ತ ಏನೋ ಮುಚ್ಚಿಟ್ಟಿದ್ದಾರೆ ಎಂಬ ದಿಗಿಲು ದಿನದಿಂದ ದಿನಕ್ಕೆ ಬೆಳೆಯಿತು.

ಅತ್ತೆಯಂತೂ ಆಸ್ಪತ್ರೆಯ ಮಂಚದಿಂದಲೇ ಅಧಿಕಾರ ನಡೆಸಿದಳು. ಸಂಜೆಗೊಮ್ಮೆ ಫೋನು.

"ಹನ್ನೊಂದರ ಸುಮಾರಿಗೆ ಯಾರ ಕೂಡ ಜಗಳಾ ತಗದಿದ್ದಿ? ನನ್ನ ಎದಿ ಢವಢವ ಅಂತು."

"ಜಗಳ ಅಲ್ಲರಿ ಅತ್ತ್ಯಾರ, ಹಾಲಿನಾಂವ ನೀರು ಹಾಕಿ ಕೊಟ್ಟಿದ್ದ."

"ಬೈದಿ ಇಲ್ಲೋ?"

"ಎಲ್ಲಿ ಬೈಲಿ? ನಿಮ್ಮ ಸಲುವಾಗಿ ನುಂಗಿಕೊಂಡ್ನಿ."

"ನುಂಗಬ್ಯಾಡ. ನುಂಗಿದ್ದು ಸೀದಾ ನನ್ನ ಎದಿಗೆ ಬಂದು ಕುಂದ್ರತೇತಿ. ಬೈದು ಮುಗಿಸು."

ಬಾಯಲ್ಲಿ "ಆಗಲ್ರಿ" ಎಂದು ಒಳಗೆ ಕುದಿಯುವ ಹಳೆಯ ಆಟವೂ ಇನ್ನು ನಡೆಯುವಂತಿರಲಿಲ್ಲ. ಕುದಿದದ್ದು ಅಲ್ಲಿ ಗೊತ್ತಾಗಿಬಿಡುತ್ತಿತ್ತು. ಹಾಗಾಗಿ ಇಬ್ಬರೂ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಮಾತಾಡತೊಡಗಿದರು. ಮಕ್ಕಳಾಗಲಿಲ್ಲವೆಂದು ಅತ್ತೆ ಅಂದ ಮಾತುಗಳನ್ನು ಕಲಾವತಿ ಒಂದು ಸಂಜೆ ಎತ್ತಿ ಆಡಿದಳು. ನೀಲವ್ವ ಪೂರಾ ಕೇಳಿಸಿಕೊಂಡಳು. ಆಮೇಲೆ, "ಅದು ಇಷ್ಟು ನೋಯತಿತ್ತು ಅಂತ ನನಗ ಗೊತ್ತಿರಲಿಲ್ಲ ನೋಡು. ಈಗ ಗೊತ್ತಾತು," ಎಂದು ಫೋನಿಟ್ಟಳು. ಸಿಹಿ ಮಾತಾಡಿ ಗೊತ್ತಿಲ್ಲದ ಹೆಂಗಸು. ಹೊಗಳುವುದಿಲ್ಲ, ಸಮಾಧಾನ ಹೇಳುವುದಿಲ್ಲ, ಸುಳ್ಳಂತೂ ಬಾಯಿಗೇ ಬರುವುದಿಲ್ಲ.

ಹೀಗೆ ಎರಡು ತಿಂಗಳು ಸರಿದವು. ಒಂದು ಮಧ್ಯಾಹ್ನ ಕಲಾವತಿ ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದಳು. ಗದಿಗೆಪ್ಪ ಹಿಂದಿನ ದಿನ ಅಂಕೋಲೆಯ ಕಡೆ ಲೋಡು ಒಯ್ದಿದ್ದ, ಸಂಜೆಗೆ ಬರುವವನಿದ್ದ. ಎದುರು ಮನೆಯ ರುದ್ರವ್ವ ಬಂದು ಹೊಸ್ತಿಲ ಮೇಲೆ ಕೂತಳು.

"ಏನ ರುದ್ರವ್ವ, ಇಷ್ಟೊತ್ತಿನ್ಯಾಗ?"

"ಏನಿಲ್ಲವಾ. ಸುಮ್ನ."

ಸುಮ್ಮನೆ ಬರುವ ಹೆಂಗಸಲ್ಲ ಅವಳು. ಬಂದರೆ ಒಂದು ಬಟ್ಟಲು ಸಕ್ಕರೆಯೋ, ಒಂದು ಚಾಡಿಯೋ ಇದ್ದೇ ಇರಬೇಕು. ಕಲಾವತಿ ಶೇಂಗಾ ತಿರುವುತ್ತ ತಿರುವುತ್ತ ಕಣ್ಣಂಚಿನಲ್ಲಿ ನೋಡಿದಳು. ಟೇಲರನ ಹೆಂಡತಿ ಬಂದಳು. ಹಿಂದೆಯೇ ಮತ್ತಿಬ್ಬರು. ಯಾರೂ ಚಾ ಕೇಳಲಿಲ್ಲ, ಯಾರ ಸುದ್ದಿಯನ್ನೂ ಎತ್ತಲಿಲ್ಲ. ಟೇಲರನ ಹೆಂಡತಿ, "ನನ್ನ ಫೋನಿನ್ಯಾಗ ಚಾರ್ಜಿಲ್ಲವಾ, ನಿಂದು ಕೊಡು," ಎಂದು ಕಲಾವತಿಯ ಫೋನನ್ನು ಇಸಿದುಕೊಂಡು ಯಾರಿಗೂ ಹಚ್ಚದೆ ಮಡಿಲಲ್ಲಿಟ್ಟುಕೊಂಡಳು. ರುದ್ರವ್ವ ಎದ್ದು ಬಂದು ಗ್ಯಾಸು ಆರಿಸಿದಳು.

"ಉಂಡಿಯೇನವಾ ಕಲಾವತಿ?"

"ಇನ್ನಾ ಇಲ್ಲ."

"ಮೊದಲ ಒಂದೀಟು ಉಂಡುಬಿಡು. ಆಮ್ಯಾಲೆ ಶೇಂಗಾ ಹುರದರಾತು."

ಕಲಾವತಿಯ ಕೈಯೊಳಗಿನ ಸೌಟು ಕೆಳಗೆ ಬಿತ್ತು. ಆ ಓಣಿಯಲ್ಲಿ ಸಾವಿನ ಸುದ್ದಿ ಹೇಳುವ ಮುನ್ನ ಹೀಗೆಯೇ ಉಣಿಸುತ್ತಾರೆ. ಸುದ್ದಿ ಕೇಳಿದ ಮೇಲೆ ಮಣ್ಣಾಗುವ ತನಕ ಆ ಮನೆಯವರ ಬಾಯಿಗೆ ಅನ್ನ ಹೋಗುವುದಿಲ್ಲವಲ್ಲ, ಅದಕ್ಕೆ. ರುದ್ರವ್ವನ ಅಪ್ಪ ತೀರಿದ ದಿನ ಆಕೆಗೆ ಎರಡು ರೊಟ್ಟಿ ಒತ್ತಾಯ ಮಾಡಿ ತಿನ್ನಿಸಿದವಳು ಇದೇ ಕಲಾವತಿ. ಆ ದಿನ ತಾನೂ ಇದೇ ದನಿಯಲ್ಲಿ "ಉಂಡುಬಿಡವಾ" ಎಂದಿದ್ದಳು.

"ಯಾರು?" ಎಂದಳು. ಮತ್ತೆ ಕೇಳಿದಳು. "ಯಾರು ಹೋದ್ರು? ನಮ್ಮ ಮನಿಯವರಾ?"

"ಏ ಹುಚ್ಚಿ, ಯಾರೂ ಹೋಗಿಲ್ಲ. ಗಾಬರಿ ಆಗಬ್ಯಾಡ."

ಅಷ್ಟೇ ಸಾಕಾಯಿತು. ಎದೆ ಕಿತ್ತು ಬರುವಂತೆ ಹೊಡೆದುಕೊಳ್ಳತೊಡಗಿತು. ಕಿವಿಯಲ್ಲಿ, ಗಂಟಲಲ್ಲಿ, ಬೆರಳ ತುದಿಯಲ್ಲಿ ಅದೇ ಬಡಿತ. ಗಂಡ ಸತ್ತ ಎಂಬ ಭಯ ಒಂದು. ಅದರ ಮೇಲೆ ಇನ್ನೊಂದು ಏರಿ ಕೂತಿತು: ಈ ಬಡಿತವೆಲ್ಲ ಅಲ್ಲಿ ಮುದುಕಿಯ ಎದೆಯೊಳಗೆ ಬೀಳುತ್ತಿದೆ, ನಾನು ಹೆದರಿ ಹೆದರಿ ಆಕೆಯನ್ನು ಕೊಲ್ಲುತ್ತಿದ್ದೇನೆ. ಹಾಗೆ ನೆನೆದಷ್ಟೂ ಎದೆ ಇನ್ನೂ ಜೋರಾಯಿತು. ಪಟ್ಟಿ ಕಿತ್ತೆಸೆಯಬೇಕೆಂದು ಕೈ ಹೋಯಿತು. ಕಿತ್ತರೆ ಆ ಕಡೆ ಬಡಿತವೇ ನಿಂತುಹೋದೀತು! ಕೈ ಹಾಗೇ ನಿಂತಿತು. ಅಯ್ಯೋ, ಅಂಥ ಗಳಿಗೆ ಹಗೆಯವರಿಗೂ ಬರಬಾರದು.

ಟೇಲರನ ಹೆಂಡತಿಯ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು, ಕಲಾವತಿ ಅದನ್ನು ಕಸಿದುಕೊಂಡಳು. ಪರದೆಯ ಮೇಲೆ ಫರ್ಜಾನಾ ಅವರ ಮುಖ, ಹಿಂದೆ ನಿಗಾ ಕೋಣೆಯ ಗದ್ದಲ, ಕೂಗಿಕೊಳ್ಳುವ ಯಂತ್ರದ ಸದ್ದು.

"ಕಲಾವತಿ, ಕುಂದರ್ರಿ. ಉಸಿರು ನಿಧಾನ ಬಿಡ್ರಿ. ನನ್ನ ಕೂಡ ಎಣಸ್ರಿ..."

"ಇವರು ಹೋಗ್ಯಾರ್ರಿ ಮೇಡಂ. ಯಾರೂ ಹೇಳವಲ್ರು. ನೀವರೆ ಹೇಳ್ರಿ."

ಫರ್ಜಾನಾ ಒಂದು ಗಳಿಗೆ ತಡೆದರು. "ಏನೂ ಆಗಿಲ್ರಿ. ಎಲ್ಲಾ ಆರಾಮ ಅದಾರ."

ಆ ಒಂದು ಗಳಿಗೆ ತಡೆದದ್ದು ಕಲಾವತಿಗೆ ಕಂಡಿತು. ಮೇಲಿನ ಗೆರೆ ಮತ್ತೆ ಏರಿರಬೇಕು, ಯಂತ್ರದ ಸದ್ದು ಹೆಚ್ಚಿತು. ಯಾರೋ "ಇನ್ನ ತಡಕೊಳ್ಳೂದಿಲ್ರಿ ಮೇಡಂ" ಎಂದದ್ದೂ ಕೇಳಿಸಿತು. ಈಗ ದೇವರೇ ಬಂದು ಎಲ್ಲ ಸುಖವಾಗಿದ್ದಾರೆ ಎಂದರೂ ಅವಳು ನಂಬುವ ಹಾಗಿರಲಿಲ್ಲ. ತಿಂಗಳುಗಟ್ಟಲೆ ಎಲ್ಲರೂ ಅವಳಿಗೆ ಸುಖದ ಸುದ್ದಿಯನ್ನೇ ಹೇಳುತ್ತ ಬಂದಿದ್ದರು.

ಪರದೆ ಅಲುಗಾಡಿತು. ಫರ್ಜಾನಾ ಓಡುತ್ತಿದ್ದರು. ಆಮೇಲೆ ದಿಂಬಿನ ಮೇಲೆ ನೀಲವ್ವನ ಮುಖ ಕಂಡಿತು. ಬೆವರಿನಿಂದ ತೊಯ್ದಿತ್ತು, ತುಟಿ ನೀಲಿಗಟ್ಟಿತ್ತು. ದನಿ ಮಾತ್ರ ಅದೇ ಹಳೆಯ ದನಿ.

"ಏ ಕಲಾವತಿ! ಏನ ಹಚ್ಚೀದಿ ನನ್ನ ಎದಿಯಾಗ? ಕೊಲ್ಲಬೇಕಂತ ಮಾಡೀಯೇನ?"

"ಅತ್ತ್ಯಾರ, ಇವರು..."

"ಕೇಳಿಲ್ಲಿ. ಆರಾಮ ಏನಿಲ್ಲ. ಲಾರಿ ಘಟ್ಟದಾಗ ಉಳ್ಳಿ ಬಿದ್ದೇತಿ. ನಿನ್ನ ಗಂಡನ ಎಡಗಾಲು ಹೋತು, ಮೊಣಕಾಲಿಂದ ಕೆಳಗ ತಗದಾರ. ಇನ್ನ ಅಂವ ಲಾರಿ ಹೊಡ್ಯಾಂವಲ್ಲ. ಮನ್ಯಾಗ ಕುಂತು ಇಬ್ಬರ ತಲೀನೂ ತಿಂತಾನ. ಎತ್ತಿ ಕುಂಡ್ರಸಬೇಕು, ಎತ್ತಿ ಮಲಗಸಬೇಕು. ನನ್ನ ಕೈಲೆ ಆಗೂದಿಲ್ಲ, ನೀನಽ ಮಾಡಬೇಕು. ತಯಾರಾಗು."

"ಜೀವ..." ಎಂದಳು ಕಲಾವತಿ.

"ಜೀವಕ್ಕ ಏನ ಧಾಡಿ? ಈಗ ಮಾತಾಡಿದ. ಮೊದಲ ಕ್ಲೀನರಗ ಬೈದ, ಆಮ್ಯಾಲೆ ಚಾ ಕೇಳಿದ. ಸಂಜಿಗೆ ಇಲ್ಲೇ ಕರಕೊಂಡ ಬರತಾರ. ಅವನವು ಅರಿವಿ ತಗೊಂಡ ಬಾ."

ಕಾಲು ಹೋಯಿತು. ಕಲಾವತಿ ನೆಲಕ್ಕೆ ಕುಸಿದು ಕೂತು ಬಿಕ್ಕಿದಳು. ಕಾಲು ಹೋಯಿತು, ಜೀವ ಉಳಿಯಿತು. ಒಳ್ಳೆಯ ಸುದ್ದಿಯಾಗಿದ್ದರೆ ನಂಬುತ್ತಿರಲಿಲ್ಲ, ಇದು ಸಾಕಷ್ಟು ಕೆಟ್ಟದ್ದಾಗಿತ್ತು. ಹೇಳಿದವಳೋ ನೀಲವ್ವ. ಅತ್ತಷ್ಟೂ ಎದೆ ಸಡಿಲವಾಯಿತು, ಬಡಿತ ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಫೋನಿನಲ್ಲಿ ಯಂತ್ರದ ಕೂಗು ನಿಂತಿತು. "ರೆಕಾರ್ಡಿಗೆ ಹಾಕಿದ್ವಿ. ಇನ್ನ ನೀವು ಬಿಡುಗಡಿ ಆದ್ರಿ," ಎಂದರು ಫರ್ಜಾನಾ. ಆ ದನಿ ಯಾಕೋ ನಡುಗುತ್ತಿತ್ತು.

ರುದ್ರವ್ವನೂ ಉಳಿದವರೂ ಗೋಡೆಗೆ ಆತು ನಿಂತಿದ್ದರು, ತುಟಿ ಎರಡು ಮಾಡಲಿಲ್ಲ. ಕಲಾವತಿ ಮುಖ ತೊಳೆದುಕೊಂಡಳು. ಹಸಿವು ಈಗ ಗೊತ್ತಾಯಿತು. ರುದ್ರವ್ವ ಹಾಕಿಕೊಟ್ಟ ರೊಟ್ಟಿ ತಿಂದಳು. ಗಂಡನ ಬಟ್ಟೆ ತೆಗೆಯುವಾಗ ಪ್ಯಾಂಟನ್ನು ಮರಳಿ ಇಟ್ಟು ಎರಡು ಲುಂಗಿ ಮಡಚಿಕೊಂಡಳು. ಕಾಲಿಗೆ ಪಟ್ಟಿ ಕಟ್ಟಿರುತ್ತಾರೆ, ಲುಂಗಿಯೇ ಅನುಕೂಲ. ಹೊಲಿಗೆ ಯಂತ್ರ ಕೊಂಡರೆ ಮನೆಯಲ್ಲೇ ದುಡಿಯಬಹುದು, ಟೇಲರನ ಹೆಂಡತಿ ಕಲಿಸಿಕೊಟ್ಟಾಳು ಎಂದೂ ಲೆಕ್ಕ ಹಾಕಿದಳು. ಟೇಲರನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು.

ಸಂಜೆ ಆಸ್ಪತ್ರೆಗೆ ಹೋದಾಗ ವಾರ್ಡಿನ ಹೊರಗೆ ಮಹಾದೇವಿ ನೆಲದ ಮೇಲೆ ಕೂತಿದ್ದಳು, ತಲೆಗೂದಲು ಬಿಚ್ಚಿ ಹರಡಿತ್ತು. "ವೈನೀ" ಎಂದು ಅತ್ತಿಗೆಯ ಕಾಲು ತಬ್ಬಿಕೊಂಡಳು. ಕಾಲು ಹೋದ ಅಣ್ಣನಿಗಾಗಿ ಯಾರೂ ಹಾಗೆ ಅಳುವುದಿಲ್ಲ. ಬಟ್ಟೆಯ ಚೀಲವನ್ನು ಎದೆಗವಚಿಕೊಂಡೇ ಕಲಾವತಿ ಒಳಗೆ ಹೋದಳು. ಫರ್ಜಾನಾ ಮಂಚದ ಬಳಿ ನಿಂತಿದ್ದರು, ತಲೆ ಎತ್ತಲಿಲ್ಲ.

"ಬಾ, ಕುಂದ್ರು," ಎಂದಳು ನೀಲವ್ವ. "ಗದಿಗ್ಯಾ ಮುಂಜಾನೇನಽ ಹೋದ. ಲಾರಿ ಉಳ್ಳಿದಲ್ಲೇ."

"ನೀವು ಫೋನಿನ್ಯಾಗ..."

"ಸುಳ್ಳು ಹೇಳಿದ್ನಿ. ನೀ ಫೋನಿಗೆ ಬರೂಕಿಂತ ಮೊದಲಽ ನನಗ ಗೊತ್ತಿತ್ತು. ಖರೇ ಹೇಳಿದ್ರ ಅಲ್ಲೇ ನನ್ನ ಎದಿ ಒಡೀತಿತ್ತು. ನನಗ ಸಾಯೂ ಹೆದರಿಕಿ ಇಲ್ಲ. ಆದ್ರ ಗಂಡನ್ನೂ ಕಳಕೊಂಡು, ಮ್ಯಾಲೆ ಅತ್ತಿನ ಕೊಂದೆ ಅಂತ ಜೀವಮಾನ ಪೂರ್ತಿ ಒದ್ದಾಡಬೇಕಾಗತಿತ್ತು ನೀ. ಅದು ಬ್ಯಾಡ ಅನಿಸ್ತು."

ಕಲಾವತಿಗೆ ಅಳು ಬರಲಿಲ್ಲ. ಮಂಚದ ತಲೆಯ ಕಡೆ ಪರದೆ ಇತ್ತು, ಅದರಲ್ಲಿ ಗೆರೆ ಎಷ್ಟು ಸಮಾಧಾನವಾಗಿ ಓಡುತ್ತಿತ್ತೆಂದರೆ ನೋಡಲು ಭಯವಾಯಿತು.

"ಅದು ನಿಂದಽ," ಎಂದಳು ನೀಲವ್ವ. "ಎಂದೋ ಮಧ್ಯಾಹ್ನ ನೀ ಮಲಗಿದಾಗ ತುಂಬಿಟ್ಟದ್ದಂತ. ನೋಡವಾ, ಹೆತ್ತ ಮಗ ಸತ್ತು ಬಿದ್ದಾನ, ನನ್ನ ಎದಿಯಾಗ ನಿನ್ನ ನಿದ್ದಿ ಬಡ್ಯಾಕತ್ತೇತಿ. ಒಮ್ಮೆರೆ ಗಡಕ್ ಅನಬೇಕಿಲ್ಲ? ಅನವಲ್ದು. ಅಳಾಕ ಹೋದ್ರ ಬರೇ ಬಾಯಿ ಅಳತೇತಿ. ಎಂಥಾ ತಾಯಿ ಆದ್ನಿ ನಾ?"

ಆಮೇಲೆ ಫರ್ಜಾನಾ ಕಡೆ ತಿರುಗಿದಳು. "ಈಕಿ ಬಡಿತ ಹಚ್ಚರಿ ನನಗ."

"ಇವತ್ತು ಬ್ಯಾಡ ಅಜ್ಜಿ. ನಾಳಿ ತನಕ ರೆಕಾರ್ಡ್ ನಡೀತೇತಿ. ಈಗ ಹಚ್ಚಿದ್ರ ನಿಮ್ಮ ಜೀವಕ್ಕ..."

"ನಾಳಿ ಮಣ್ಣಾಗಿರತೇತಿ. ನಾ ಇವತ್ತ ಅಳಬೇಕು."

ಫರ್ಜಾನಾ ಕಲಾವತಿಯನ್ನು ನೋಡಿದರು. ಕಲಾವತಿ ಬಟ್ಟೆಯ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. "ನನಗ ಹೆದರಿಕಿ ಆಗತೇತ್ರಿ ಅತ್ತ್ಯಾರ," ಎಂದಳು. "ನಾ ಅತ್ತು, ನಿಮಗೇನರೆ ಆದ್ರ? ಇವರೂ ಇಲ್ಲ, ನೀವೂ ಇಲ್ಲ ಅಂದ್ರ ಆ ಮನಿಯಾಗ ನಾ ಒಬ್ಬಾಕಿನಽ ಹೆಂಗಿರಲಿ?"

ನೀಲವ್ವ ಕೈ ಚಾಚಿ ಸೊಸೆಯ ಮುಂಗೈ ಹಿಡಿದುಕೊಂಡಳು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. "ಹೆದರಿಕಿ ಮಧ್ಯಾಹ್ನ ನೋಡೇನಿ. ಅದು ಕೊಲ್ಲೂದು. ಅಳು ಹಂಗಲ್ಲ. ನೀ ಫೋನಿನ್ಯಾಗ ಅತ್ತಾಗ ನನ್ನ ಎದಿ ಹಗುರಾತು. ಹಚ್ಚಿಸು."

ಕಲಾವತಿ ಹೂಂ ಎಂದು ತಲೆಯಾಡಿಸಿದಳು. ಪಟ್ಟಿ ಇನ್ನೂ ಅವಳ ಎದೆಯ ಮೇಲೇ ಇತ್ತು. ಫರ್ಜಾನಾ ಗುಂಡಿ ಒತ್ತಿದರು. ಪರದೆಯ ಸಮಾಧಾನದ ಗೆರೆ ಹೋಗಿ ಒಂದರ ಕೆಳಗೊಂದು ಎರಡು ಗೆರೆ ಬಂದವು, ಸಣ್ಣಗೆ ನಡುಗುವ ಗೆರೆಗಳು. ಕಲಾವತಿ ಆ ಮುಖ ನೋಡಿದಳು. ಗದಿಗೆಪ್ಪನದೇ ಹಣೆ, ಅವನದೇ ಕಿವಿ. ಅವಳು ಬಾಯಿಬಿಟ್ಟು ಅತ್ತಳು. ಅವಳ ಎದೆ ಕಿತ್ತು ಬಂತು, ರೆಪ್ಪೆ ಬಡಿಯುವಷ್ಟರಲ್ಲಿ ನೀಲವ್ವನ ಎದೆಯೂ ಕಿತ್ತು ಬಂತು. ಮುದುಕಿ ದಿಂಬಿನಿಂದ ತಲೆಯೆತ್ತಿ, "ನನ್ನಪ್ಪಾ, ಗದಿಗೆಪ್ಪಾ" ಎಂದು ಇಡೀ ವಾರ್ಡು ಕೇಳುವಂತೆ ಗೋಳಿಟ್ಟಳು.

ಎರಡು ಗೆರೆಗಳೂ ಕೂಡಿ ಏರಿದವು, ಏರಿ ಬಹಳ ಹೊತ್ತು ಅಲ್ಲಿಯೇ ನಿಂತವು. ಫರ್ಜಾನಾ ಬಾಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತ ನೋಡುತ್ತಿದ್ದರು. ಕೊನೆಗೆ ತಾವಾಗಿಯೇ ಇಳಿಯತೊಡಗಿದವು. ಅತ್ತೆ ಸೊಸೆ ಇಬ್ಬರೂ ದಣಿದು ಮುಂಗೈ ಹಿಡಿದುಕೊಂಡೇ ಸುಮ್ಮನಾದರು.

ಮಹಾದೇವಿ ಬಾಗಿಲಲ್ಲಿ ಬಂದು ನಿಂತಳು. ಗದಿಗೆಪ್ಪನನ್ನು ತಂದ ಗಾಡಿ ಮನೆಗೆ ಹೋಗುವ ಮುನ್ನ ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿದೆ ಎಂದಳು. ನೀಲವ್ವನನ್ನು ಮಂಚದಿಂದ ಕೆಳಗಿಳಿಸುವಂತಿರಲಿಲ್ಲ. ಆಕೆ ಯಾರನ್ನೂ ಕೇಳಲೂ ಇಲ್ಲ. ಸೊಸೆಯ ಮುಂಗೈ ಬಿಟ್ಟಳು.

"ಏಳವಾ. ಹೋಗಿ ಅಂವನ ಮಾರಿ ನೋಡು. ಹೊಟ್ಟಿ ತುಂಬ ನೋಡು, ಲಗೂ ಮಾಡಬ್ಯಾಡ. ನಾ ಇಲ್ಲಿಂದಽ ನೋಡತೇನಿ."

ಕಲಾವತಿ ಕಣ್ಣೊರೆಸಿಕೊಂಡು ಎದ್ದಳು. ಮಹಾದೇವಿಯ ಹೆಗಲು ಹಿಡಿದುಕೊಂಡು ಮೆಟ್ಟಿಲು ಇಳಿದ ಮೇಲೆ, ಗೇಟಿನ ಕಡೆ ನಡೆದಳು.